ಸಂಪೀಡನ: ಎಂಜಿನ್ನಿನಲ್ಲಿ, ಕಮಾನಿನಲ್ಲಿ, ಜೀವಕೋಶದಲ್ಲಿ

ಬಾವಿಯ ದಂಡೆಯ ಮೇಲಿನ ಡೀಸೆಲ್ ಎಂಜಿನ್ ಎಷ್ಟು ತಿರುವಿದರೂ ಚಾಲೂ ಆಗದೆ ಹೋದಾಗ ಮೆಕ್ಯಾನಿಕನು ಬಂದು, ಹ್ಯಾಂಡಲನ್ನು ಒಂದೆರಡು ಸುತ್ತು ತಿರುವಿ, "ಇದರ ಕಂಪ್ರೆಷನ್ ಹೋಗಿದೆ" ಎಂದು ಹೇಳುವುದುಂಟು. ಎಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ಅಡಕಗೊಳಿಸುವ ಬಿಗಿ ಉಳಿದಿಲ್ಲ ಎಂಬುದು ಆ ಮಾತಿನ ಅರ್ಥ. ಹೀಗೆ ಒಂದು ವಸ್ತುವನ್ನು ಎರಡು ಕಡೆಯಿಂದಾಗಲಿ ಎಲ್ಲ ಕಡೆಯಿಂದಾಗಲಿ ಒತ್ತಿ ಅದರ ಗಾತ್ರವನ್ನೋ ಉದ್ದವನ್ನೋ ಕುಗ್ಗಿಸುವ ಕ್ರಿಯೆಗೆ ವಿಜ್ಞಾನದಲ್ಲಿ ಸಂಪೀಡನ ಎಂದು ಹೆಸರು. ಇದಕ್ಕೆ ವಿರುದ್ಧವಾದುದು ಎಳೆತ; ಅದನ್ನು ಕರ್ಷಣ ಎನ್ನುತ್ತೇವೆ.

ಶಾಲೆಯಲ್ಲಿ ನಾವು ಭೌತಶಾಸ್ತ್ರವನ್ನೂ ಜೀವಶಾಸ್ತ್ರವನ್ನೂ ಬೇರೆ ಬೇರೆ ತಾಸುಗಳಲ್ಲಿ ಓದುತ್ತೇವೆ. ಆದರೆ ನಿಸರ್ಗಕ್ಕೆ ಇಂಥ ವೇಳಾಪತ್ರಿಕೆ ಇಲ್ಲ. ಎಂಜಿನ್ನಿನ ಸಿಲಿಂಡರಿನಲ್ಲಿ ನಡೆಯುವ ಒತ್ತುವಿಕೆ ಗೋಲಗುಮ್ಮಟದ ಕಮಾನಿನಲ್ಲಿಯೂ ಇದೆ, ನಮ್ಮ ಮೊಣಕಾಲಿನ ಕೀಲಿನಲ್ಲಿಯೂ ಇದೆ. ಈ ಮೂರನ್ನೂ ಒಂದೇ ಪಾಠದಲ್ಲಿ ಸೇರಿಸಿ ನೋಡೋಣ.

1. ರಾಬರ್ಟ್ ಹುಕ್

ಈ ಮೂರೂ ವಿಷಯಗಳ ಬಾಗಿಲು ತೆರೆಯುವುದರಲ್ಲಿ ಇಂಗ್ಲೆಂಡಿನ ಒಬ್ಬನೇ ವಿಜ್ಞಾನಿಯ ಕೈ ಇತ್ತೆಂಬುದು ಆಶ್ಚರ್ಯದ ಸಂಗತಿ. ಅವನೇ ರಾಬರ್ಟ್ ಹುಕ್ (1635–1703). ತರುಣನಾಗಿದ್ದಾಗ ಅವನು ರಾಬರ್ಟ್ ಬಾಯ್ಲನ ಸಹಾಯಕನಾಗಿದ್ದು, ಅವನಿಗೆ ವಾಯುರೇಚಕ ಯಂತ್ರವನ್ನು ಕಟ್ಟಿಕೊಟ್ಟನು. ಬಾಯ್ಲನು 1662ರಲ್ಲಿ ಪ್ರಕಟಿಸಿದ ನಿಯಮವನ್ನು ನೀವು ಓದಿಯೇ ಇದ್ದೀರಿ: ಉಷ್ಣತೆ ಬದಲಾಗದಿದ್ದರೆ, ಅನಿಲದ ಗಾತ್ರವನ್ನು ಅರ್ಧ ಮಾಡಿದಾಗ ಅದರ ಒತ್ತಡ ಎರಡು ಪಟ್ಟಾಗುತ್ತದೆ.

1665ರಲ್ಲಿ ಹುಕ್ 'ಮೈಕ್ರೊಗ್ರಾಫಿಯಾ' ಎಂಬ ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಸೀಸೆಯ ಬಿರಡೆಗೆ ಬಳಸುವ ಕಾರ್ಕಿನ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ಪುಟ್ಟ ಕೋಣೆಗಳಿಗೆ 'ಸೆಲ್' ಎಂದು ಹೆಸರಿಟ್ಟನು. ಜೀವಕೋಶ ಎಂಬ ನಮ್ಮ ಮಾತಿನ ಮೂಲ ಅದೇ. ಒಂದು ಅಂಗುಲದ ಹದಿನೆಂಟನೆಯ ಒಂದು ಪಾಲಿನಲ್ಲಿ ಅವನು ಸುಮಾರು 60 ಕೋಶಗಳನ್ನು ಎಣಿಸಿದನು. ಅಂದರೆ ಒಂದು ಅಂಗುಲಕ್ಕೆ 1080. ಒಂದು ಘನ ಅಂಗುಲಕ್ಕೆ 1080 × 1080 × 1080, ಸುಮಾರು 126 ಕೋಟಿ!

ಅವನು ಅಲ್ಲಿಗೇ ನಿಲ್ಲಲಿಲ್ಲ. ಕಾರ್ಕನ್ನು ಒತ್ತಿದರೆ ಕುಗ್ಗಿ, ಬಿಟ್ಟರೆ ಮತ್ತೆ ಉಬ್ಬುವುದೇಕೆ ಎಂದು ಕೇಳಿಕೊಂಡನು. ಮುಚ್ಚಿದ ಆ ಕೋಣೆಗಳಲ್ಲಿ ಗಾಳಿ ತುಂಬಿದೆ, ಒತ್ತಿದಾಗ ಅದು ಅಡಕವಾಗಿ ಬಿಟ್ಟಾಗ ಹಿಗ್ಗುತ್ತದೆ ಎಂದು ಉತ್ತರ ಕೊಟ್ಟನು. ಗಾಳಿಯ ಗುಣ, ವಸ್ತುವಿನ ಗುಣ, ಜೀವಕೋಶದ ರಚನೆ ಈ ಮೂರೂ ಆ ಒಂದು ಉತ್ತರದಲ್ಲಿ ಕೂಡಿವೆ. ಕಾರ್ಕಿಗೆ ಇನ್ನೊಂದು ವಿಶೇಷವುಂಟು. ರಬ್ಬರನ್ನು ಮೇಲಿನಿಂದ ಒತ್ತಿದರೆ ಅದು ಪಕ್ಕಕ್ಕೆ ಉಬ್ಬುತ್ತದೆ. ಕಾರ್ಕಿನ ಕೋಶಭಿತ್ತಿಗಳು ತಿದಿಯ ಮಡಿಕೆಗಳಂತೆ ಮಡಚಿಕೊಳ್ಳುವುದರಿಂದ ಅದು ಪಕ್ಕಕ್ಕೆ ಉಬ್ಬುವುದು ತೀರ ಕಡಿಮೆ. ಸೀಸೆಯ ಬಾಯಿಗೆ ಅದನ್ನು ಸುಲಭವಾಗಿ ತುರುಕಲು ಬರುವುದು ಇದರಿಂದಲೇ.

2. ಗಾಳಿಯನ್ನು ಒತ್ತಿದರೆ ಬಿಸಿಯೇಕಾಗುತ್ತದೆ?

ಸೈಕಲ್ಲಿಗೆ ಗಾಳಿ ಹೊಡೆದಾಗ ಪಂಪಿನ ತುದಿ ಬಿಸಿಯಾಗುವುದನ್ನು ನಾವೆಲ್ಲ ಕೈಯಿಂದ ಮುಟ್ಟಿ ಅರಿತಿದ್ದೇವೆ. ಒಳಗಿನ ತಿಕ್ಕಾಟವೂ ಇದಕ್ಕೆ ಸ್ವಲ್ಪ ಕಾರಣ. ಆದರೆ ಮುಖ್ಯ ಕಾರಣ ಬೇರೆ. ಗಾಳಿಯ ಅಣುಗಳು ಸದಾ ಓಡಾಡುತ್ತಿರುತ್ತವೆ. ಅವುಗಳ ವೇಗ ಹೆಚ್ಚಿದಷ್ಟೂ ಉಷ್ಣತೆ ಹೆಚ್ಚು. ಕ್ರಿಕೆಟ್ಟಿನಲ್ಲಿ ಬ್ಯಾಟನ್ನು ಸುಮ್ಮನೆ ಅಡ್ಡ ಹಿಡಿದರೆ ಚೆಂಡು ಬಂದ ವೇಗಕ್ಕಿಂತ ಹೆಚ್ಚಿನ ವೇಗದಿಂದ ಹಿಂದಿರುಗಲಾರದು. ಬ್ಯಾಟು ಮುಂದೆ ಬಂದು ಹೊಡೆದರೆ ಚೆಂಡಿನ ವೇಗ ಹೆಚ್ಚುತ್ತದೆ. ಮುಂದೆ ಸರಿಯುತ್ತಿರುವ ಪಿಸ್ಟನ್ನೂ ಹೀಗೆಯೇ ತನಗೆ ಬಡಿದ ಪ್ರತಿಯೊಂದು ಅಣುವಿಗೂ ಸ್ವಲ್ಪ ಹೆಚ್ಚಿನ ವೇಗ ಕೊಟ್ಟು ಕಳಿಸುತ್ತದೆ. ನಮ್ಮ ತೋಳಿನ ದುಡಿಮೆ ಹೀಗೆ ಗಾಳಿಯ ಶಾಖವಾಗುತ್ತದೆ.

ಈಗ ಒಂದು ಲೆಕ್ಕ ಮಾಡೋಣ. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯನ್ನು, ಅಂದರೆ 300 ಕೆಲ್ವಿನ್ ಗಾಳಿಯನ್ನು, ಅದರ ಗಾತ್ರದ ಹದಿನಾರನೆಯ ಒಂದು ಪಾಲಿಗೆ ಒಮ್ಮೆಲೆ ಒತ್ತಿದೆವೆನ್ನಿ. ಶಾಖ ಸ್ವಲ್ಪವೂ ಹೊರಗೆ ಸೋರದಿದ್ದರೆ ಅದರ ಉಷ್ಣತೆ ಸುಮಾರು ಮೂರು ಪಟ್ಟಾಗಿ 900 ಕೆಲ್ವಿನ್, ಅಂದರೆ ಸುಮಾರು 627 ಡಿಗ್ರಿ ಸೆಲ್ಸಿಯಸ್ ಆಗುತ್ತದೆ. ಗಾತ್ರ ಕುಗ್ಗಿದ್ದಕ್ಕೆ 16 ಪಟ್ಟು, ಉಷ್ಣತೆ ಏರಿದ್ದಕ್ಕೆ 3 ಪಟ್ಟು, ಒಟ್ಟು ಒತ್ತಡ 48 ಪಟ್ಟು. ನಿಜವಾದ ಎಂಜಿನ್ನಿನಲ್ಲಿ ಸಿಲಿಂಡರಿನ ಗೋಡೆ ಶಾಖವನ್ನು ಹೀರುವುದರಿಂದ ಉಷ್ಣತೆ ಇದಕ್ಕಿಂತ ಕಡಿಮೆ. ಆದರೂ ಡೀಸೆಲ್ ಎಣ್ಣೆ ತಾನಾಗಿ ಹೊತ್ತಿಕೊಳ್ಳಲು 250 ಡಿಗ್ರಿಯ ಆಸುಪಾಸು ಸಾಕಾಗುವುದರಿಂದ ಕಿಡಿಯ ಅವಶ್ಯಕತೆಯೇ ಇಲ್ಲ.

3. ರುಡಾಲ್ಫ್ ಡೀಸೆಲ್

ಈ ತತ್ವವನ್ನು ಯಂತ್ರಕ್ಕೆ ಇಳಿಸಿದವನು ರುಡಾಲ್ಫ್ ಡೀಸೆಲ್. 1858ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಈತ ಜರ್ಮನಿಯ ಮ್ಯೂನಿಕ್‌ನಲ್ಲಿ ಕಾರ್ಲ್ ಫಾನ್ ಲಿಂಡೆಯ ಶಿಷ್ಯನಾಗಿ ಓದಿದನು. ಅಂದಿನ ಹಬೆಯಂತ್ರಗಳು ಇದ್ದಿಲಿನ ಶಾಖದಲ್ಲಿ ಸುಮಾರು ಹತ್ತನೆಯ ಒಂದು ಪಾಲನ್ನಷ್ಟೇ ದುಡಿಮೆಗೆ ತರುತ್ತಿದ್ದವೆಂದು ಗುರುಗಳು ಪಾಠ ಹೇಳಿದಾಗ, ಉಳಿದ ಒಂಬತ್ತು ಪಾಲು ವ್ಯರ್ಥವಾಗುವುದನ್ನು ತಡೆಯಬೇಕೆಂಬ ಹಟ ಅವನ ಮನಸ್ಸಿನಲ್ಲಿ ಬೇರೂರಿತು. 10 ಆಗಸ್ಟ್ 1893ರಂದು ಆಗ್ಸ್‌ಬರ್ಗಿನಲ್ಲಿ ಅವನ ಮೊದಲ ಎಂಜಿನ್ನಿಗೆ ಇಂಧನ ಬಿಟ್ಟಾಗ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. ಒತ್ತುವಿಕೆಯಿಂದಲೇ ಇಂಧನ ಹೊತ್ತಿತೆಂಬುದಕ್ಕೆ ಆ ಸಿಡಿತವೇ ಸಾಕ್ಷಿಯಾಯಿತು. ಮುಂದೆ ನಾಲ್ಕು ವರ್ಷ ದುಡಿದ ಮೇಲೆ, 17 ಫೆಬ್ರವರಿ 1897ರಂದು ಪ್ರಾಧ್ಯಾಪಕ ಶ್ರೋಟರ್ ನಡೆಸಿದ ಪರೀಕ್ಷೆಯಲ್ಲಿ ಅವನ ಎಂಜಿನ್ ಶಾಖದ ಶೇಕಡಾ 26.2 ಭಾಗವನ್ನು ದುಡಿಮೆಗೆ ತಂದಿತು. ಡೀಸೆಲನು 1913ರಲ್ಲಿ ಹಡಗಿನ ಪ್ರಯಾಣದಲ್ಲಿ ಸಮುದ್ರದ ಪಾಲಾದನು. ಅವನ ಹೆಸರು ಮಾತ್ರ ಎಂಜಿನ್ನಿಗೂ ಎಣ್ಣೆಗೂ ಉಳಿಯಿತು.

ಬರಗಾಲದ ನಮ್ಮ ಸೀಮೆಯಲ್ಲಿ ಬಾವಿಯ ನೀರನ್ನು ಮೇಲೆತ್ತಿದ್ದು ಈ ಎಂಜಿನ್ನೇ. ಕಿರ್ಲೋಸ್ಕರ್ ಮನೆತನದವರು ನಮ್ಮ ನೆರೆಯ ಕಿರ್ಲೋಸ್ಕರವಾಡಿಯಲ್ಲಿ 1910ರಲ್ಲಿ ನೆಲೆ ನಿಂತರು. 1946ರಲ್ಲಿ ಪುಣೆಯಲ್ಲಿ ಅವರ ಎಣ್ಣೆ ಎಂಜಿನ್ನುಗಳ ಕಂಪನಿ ಸ್ಥಾಪನೆಯಾಯಿತು. ಇಂಥ ಎಂಜಿನ್ನನ್ನು ಕೈಯಿಂದ ತಿರುವುವಾಗ ಮೇಲಿನ ಒಂದು ಸಣ್ಣ ಹಿಡಿಕೆಯನ್ನು ಎತ್ತಿ ಹಿಡಿಯುವುದನ್ನು ಗಮನಿಸಿರಿ. ಅದು ಕವಾಟವನ್ನು ತೆರೆದಿಡುವುದರಿಂದ ಗಾಳಿ ಅಡಕವಾಗದೆ ಹೊರಗೆ ಹೋಗುತ್ತದೆ, ತಿರುವುವುದು ಹಗುರವಾಗುತ್ತದೆ. ಭಾರದ ಗಾಲಿಗೆ ವೇಗ ಬಂದ ಮೇಲೆ ಹಿಡಿಕೆಯನ್ನು ಬಿಟ್ಟರೆ ಗಾಳಿ ಒಮ್ಮೆಲೆ ಅಡಕವಾಗಿ ಕಾಯುತ್ತದೆ, ಎಣ್ಣೆ ಹೊತ್ತುತ್ತದೆ. ಪಿಸ್ಟನ್ನಿನ ರಿಂಗುಗಳು ಸವೆದಿದ್ದರೆ ಗಾಳಿ ಸಂದಿಯಲ್ಲಿ ಸೋರಿ ಸಾಕಷ್ಟು ಕಾಯುವುದಿಲ್ಲ. ಮೆಕ್ಯಾನಿಕನು ಹೇಳುವ ರೋಗ ಇದೇ.

4. ಪೆಟ್ರೋಲಿನ ನಾಕ್ ಮತ್ತು ಒಂದು ಕಹಿ ಪಾಠ

ನಿಕೊಲಾಸ್ ಓಟೊ 1876ರಲ್ಲಿ ಕಟ್ಟಿದ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನ ಎರಡನ್ನೂ ಬೆರೆಸಿ ಒತ್ತುತ್ತಾರೆ. ಇಂದಿನ ಪೆಟ್ರೋಲ್ ಎಂಜಿನ್ನಿನಲ್ಲಿ ಆಮೇಲೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ಅದನ್ನು ಹೊತ್ತಿಸುತ್ತದೆ. ಹೆಚ್ಚು ಒತ್ತಿದಷ್ಟೂ ಹೆಚ್ಚು ಲಾಭ. ಆದರ್ಶ ಲೆಕ್ಕದಲ್ಲಿ, ನಾಲ್ಕನೆಯ ಒಂದು ಪಾಲಿಗೆ ಒತ್ತಿದರೆ ಶಾಖದ ಶೇಕಡಾ 43ರಷ್ಟು ದುಡಿಮೆಗೆ ಬರುತ್ತದೆ, ಹತ್ತನೆಯ ಒಂದು ಪಾಲಿಗೆ ಒತ್ತಿದರೆ ಶೇಕಡಾ 60. (ನಿಜವಾದ ಎಂಜಿನ್ನಿನಲ್ಲಿ ಎರಡೂ ಇದಕ್ಕಿಂತ ಬಹಳ ಕಡಿಮೆ.) ಹಾಗಾದರೆ ಇನ್ನೂ ಹೆಚ್ಚು ಒತ್ತಬಾರದೇಕೆ? ಒತ್ತಿದರೆ ಕಿಡಿಯ ಜ್ವಾಲೆ ತಲುಪುವುದಕ್ಕೆ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿದು ಲೋಹಕ್ಕೆ ಸುತ್ತಿಗೆಯಂತೆ ಬಡಿಯುತ್ತದೆ. ಇದೇ 'ನಾಕ್'. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ 1919ರ ಸುಮಾರಿಗೆ, ಒತ್ತುವ ಪ್ರಮಾಣವನ್ನು ಬೇಕಾದಂತೆ ಬದಲಿಸಬಹುದಾದ ಎಂಜಿನ್ನನ್ನು ಕಟ್ಟಿ, ಯಾವ ಇಂಧನ ಎಷ್ಟು ಒತ್ತುವಿಕೆಯನ್ನು ತಾಳುತ್ತದೆಂದು ಅಳೆದನು. ಮದ್ಯಸಾರ ಚೆನ್ನಾಗಿ ತಾಳುತ್ತದೆಂಬುದು ಆಗಲೇ ತಿಳಿದಿತ್ತು.

ಆದರೆ ಉದ್ಯಮವು ಬೇರೆ ದಾರಿ ಹಿಡಿಯಿತು. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಒಂದು ಸೀಸದ ಸಂಯುಕ್ತವನ್ನು ತುಸುವೇ ಬೆರೆಸಿದರೆ ನಾಕ್ ನಿಲ್ಲುವುದೆಂದು ಕಂಡುಹಿಡಿದನು. ಸೀಸ ವಿಷವೆಂಬುದು ಗೊತ್ತಿದ್ದ ಸಂಗತಿ. 1924ರಲ್ಲಿ ನ್ಯೂಜೆರ್ಸಿಯಲ್ಲಿ ಈ ಸಂಯುಕ್ತವನ್ನು ತಯಾರಿಸುತ್ತಿದ್ದ ಐವರು ಕೆಲಸಗಾರರು ಸತ್ತರು. ಆದರೂ ಮಾರಾಟ ನಿಲ್ಲಲಿಲ್ಲ. ವಾಹನಗಳ ಹೊಗೆಯ ಮೂಲಕ ಸೀಸವು ಜಗತ್ತಿನ ನಗರಗಳ ಮಕ್ಕಳ ರಕ್ತವನ್ನು ಸೇರಿತು. ಬೆಳೆಯುವ ಮಕ್ಕಳ ಮಿದುಳಿಗೆ ಅದು ಹಾನಿಕರ. ಕಲಿಯುವ ಶಕ್ತಿಯನ್ನೇ ಕುಂದಿಸುತ್ತದೆ. ಭಾರತದಲ್ಲಿ ಸೀಸದ ಪೆಟ್ರೋಲು ಪೂರ್ತಿ ನಿಂತದ್ದು 2000ದಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾ 2021ರಲ್ಲಿ ನಿಲ್ಲಿಸಿತು. ನೂರು ವರ್ಷದ ಹಿಂದೆ ಬದಿಗೆ ಸರಿಸಿದ ಮದ್ಯಸಾರ, ಅಂದರೆ ಕಬ್ಬು ಮೊದಲಾದುವುಗಳಿಂದ ತೆಗೆಯುವ ಎಥೆನಾಲ್, ಈಗ ನಮ್ಮ ಪೆಟ್ರೋಲಿನಲ್ಲಿ ಬೆರೆಯುತ್ತಿದೆ. ಒಂದು ತೊಡಕನ್ನು ಬಿಡಿಸುವ ಉಪಾಯವನ್ನು ಒಪ್ಪುವ ಮುನ್ನ ಅದು ತರುವ ಹೊಸ ತೊಡಕನ್ನೂ ತೂಗಿ ನೋಡಬೇಕೆಂಬ ಪಾಠವನ್ನು ವಿಜ್ಞಾನದ ವಿದ್ಯಾರ್ಥಿಗಳು ಇದರಿಂದ ಕಲಿಯಬೇಕು.

5. ಕಲ್ಲು, ಕಮಾನು, ಕಾಂಕ್ರೀಟು

ಇನ್ನು ಘನವಸ್ತುಗಳ ಕಡೆ ಬರೋಣ. ಕಲ್ಲು, ಇಟ್ಟಿಗೆ, ಕಾಂಕ್ರೀಟುಗಳನ್ನು ಒತ್ತಿದರೆ ಬಹಳ ತಾಳುತ್ತವೆ. ಎಳೆದರೆ ಬೇಗ ಬಿರಿಯುತ್ತವೆ. ಕಾಂಕ್ರೀಟಿನ ಎಳೆತ ತಾಳುವ ಶಕ್ತಿ ಒತ್ತು ತಾಳುವ ಶಕ್ತಿಯ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಇದೇಕೆ? ಇಂಥ ವಸ್ತುಗಳಲ್ಲೆಲ್ಲ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳಿರುತ್ತವೆ. ಎಳೆದಾಗ ಬಿರುಕಿನ ಬಾಯಿ ತೆರೆದು, ಎಲ್ಲ ಬಲವೂ ಅದರ ತುದಿಯಲ್ಲಿ ಕೂಡಿ ಅದು ಓಡುತ್ತದೆ. ಒತ್ತಿದಾಗ ಬಿರುಕಿನ ಬಾಯಿ ಮುಚ್ಚುತ್ತದೆ. ಬಿರುಕಿನ ಈ ವಿಚಾರವನ್ನು 1920ರ ಸುಮಾರಿಗೆ ಗಾಜಿನ ಮೇಲೆ ಪ್ರಯೋಗ ಮಾಡಿ ಲೆಕ್ಕಕ್ಕೆ ತಂದವನು ಗ್ರಿಫಿತ್.

ಆದ್ದರಿಂದ ಕಲ್ಲಿನಲ್ಲಿ ಕಟ್ಟುವವನು ಕಲ್ಲು ಎಲ್ಲಿಯೂ ಎಳೆತಕ್ಕೆ ಸಿಗದಂತೆ ನೋಡಿಕೊಳ್ಳಬೇಕು. ಕಮಾನು ಇದಕ್ಕೆ ಸಿಕ್ಕ ಉಪಾಯ. ಇಲ್ಲಿ ಮತ್ತೆ ಹುಕ್ ಬರುತ್ತಾನೆ. ಎರಡು ತುದಿ ಹಿಡಿದು ಜೋಲುಬಿಟ್ಟ ಸರಪಳಿಯಲ್ಲಿ ಇರುವುದು ಬರೀ ಎಳೆತ; ಅದೇ ಆಕಾರವನ್ನು ತಲೆಕೆಳಗು ಮಾಡಿ ಕಲ್ಲಿನಲ್ಲಿ ಕಟ್ಟಿದರೆ ಅದರಲ್ಲಿ ಇರುವುದು ಬರೀ ಒತ್ತು ಎಂಬ ಸತ್ಯವನ್ನು ಅವನು 1675ರಲ್ಲಿ ಅಕ್ಷರಗಳನ್ನು ಕಲಸಿದ ಒಗಟಿನ ರೂಪದಲ್ಲಿ ಪ್ರಕಟಿಸಿದನು.

ನಮ್ಮ ಶಾಲೆಯ ಪ್ರವಾಸದಲ್ಲಿ ನೀವು ನೋಡುವ ವಿಜಯಪುರದ ಗೋಲಗುಮ್ಮಟ ಆ ಒಗಟಿಗಿಂತ ಮೊದಲಿನದು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಸಮಾಧಿ ಅದು. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಕೆಳಗಿನ ಚೌಕ ಸಭಾಂಗಣದ ಒಂದೊಂದು ಬದಿ ಸುಮಾರು 41 ಮೀಟರ್. ನಡುವೆ ಒಂದು ಕಂಬವೂ ಇಲ್ಲ. ಪಿಸುಮಾತು ಕೇಳುವ ಸೊಗಸಿನಲ್ಲಿ ನಾವು ಒಂದು ಸಂಗತಿಯನ್ನು ಮರೆತುಬಿಡುತ್ತೇವೆ. ಕೆಳಗೆ ನಿಂತು ತಲೆಯೆತ್ತಿ ನೋಡಿರಿ. ಒಂದರೊಡನೊಂದು ಹೆಣೆದುಕೊಂಡ ಎಂಟು ಕಮಾನುಗಳು ಚೌಕವನ್ನು ದುಂಡಾಗಿಸಿ ಗುಮ್ಮಟವನ್ನು ಹೊತ್ತಿವೆ. ಗುಮ್ಮಟದ ಬುಡ ಹೊರಗೆ ಸರಿಯಲು ತವಕಿಸುತ್ತದೆ. ಒಳಕ್ಕೆ ಚಾಚಿದ ಆ ಕಮಾನುಗಳ ಭಾರ ಅದನ್ನು ಒಳಗೆ ಹಿಡಿದಿಡುತ್ತದೆ. ಒತ್ತಿಗೆ ಒತ್ತು ಎದುರಾಗಿ ನಿಂತು ಮುನ್ನೂರೈವತ್ತು ವರ್ಷ ಮೀರಿದೆ.

ಇಂದಿನ ಮನೆಗಳಿಗೆ ಬರೋಣ. ಕಾಂಕ್ರೀಟಿನ ಪರೀಕ್ಷೆಗೆ 15 ಸೆಂಟಿಮೀಟರಿನ ಘನಗಳನ್ನು ಎರಕ ಹೊಯ್ದು 28 ದಿನಗಳ ಮೇಲೆ ಯಂತ್ರದಲ್ಲಿ ಒತ್ತುತ್ತಾರೆ. 'ಎಂ 20' ಕಾಂಕ್ರೀಟು ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ತಾಳಬೇಕು. ಅಂದರೆ ಆ ಒಂದು ಘನ ಸುಮಾರು 45 ಟನ್ ಭಾರ ಹೊರಬೇಕು. ದಿನಾಲೂ ನೀರು ಹೊಡೆಯುವುದನ್ನು ಅವಸರದಲ್ಲಿ ಬಿಟ್ಟುಬಿಟ್ಟರೆ ಸಿಮೆಂಟು ಪೂರ್ತಿ ಗಟ್ಟಿಯಾಗದೆ ಈ ಶಕ್ತಿ ಬರುವುದಿಲ್ಲ.

ಎಳೆತವನ್ನು ಕಬ್ಬಿಣದ ಸರಳು ತಾಳುತ್ತದೆ. ಆದ್ದರಿಂದ ಎಳೆತ ಎಲ್ಲಿದೆಯೋ ಸರಳು ಅಲ್ಲಿರಬೇಕು. ಎರಡು ಗೋಡೆಗಳ ಮೇಲೆ ಕುಳಿತ ಛಾವಣಿ ನಡುವೆ ತುಸು ಜಗ್ಗುವುದರಿಂದ ಅದರ ಮೇಲ್ಭಾಗ ಒತ್ತಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಸರಳು ಕೆಳಗೆ ಬೇಕು. ಕಿಟಕಿಯ ಮೇಲೆ ಹೊರಚಾಚಿದ ಸಜ್ಜಾದಲ್ಲಿ ಇದು ತಿರುವುಮುರುವು. ಅದರ ಮೇಲ್ಭಾಗ ಎಳೆಯಲ್ಪಡುವುದರಿಂದ ಸರಳು ಮೇಲೆಯೇ ಇರಬೇಕು. ಕಟ್ಟುವಾಗ ಸರಳನ್ನು ತುಳಿದು ಕೆಳಗೆ ತಳ್ಳಿದರೆ ಸಜ್ಜಾ ಕುಸಿದು ಪ್ರಾಣಕ್ಕೆ ಅಪಾಯ. ಮನೆ ಕಟ್ಟಿಸುವ ಪಾಲಕರು ಇದನ್ನು ನಿಂತು ನೋಡುವುದು ಒಳ್ಳೆಯದು.

6. ಮೊದಲೇ ಒತ್ತಿಡುವ ಜಾಣತನ

ಎಳೆತ ಬರುವ ಕಡೆ ಮೊದಲೇ ಒತ್ತಿಟ್ಟರೆ? ಬಂದ ಎಳೆತ ಮೊದಲು ಆ ಒತ್ತನ್ನು ಕಳೆಯುವುದರಲ್ಲಿಯೇ ಮುಗಿದುಹೋಗುತ್ತದೆ. ನಮ್ಮ ಬಡಿಗರು ಮತ್ತು ಕಮ್ಮಾರರು ಚಕ್ಕಡಿಯ ಗಾಲಿಯಲ್ಲಿ ಬಳಸುವ ಯುಕ್ತಿ ಇದೇ ಜಾತಿಯದು. ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾದ ಕಬ್ಬಿಣದ ಹಳಿಯನ್ನು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ, ಗಾಲಿಗೆ ತೊಡಿಸಿ, ನೀರು ಹಾಕುತ್ತಾರೆ. ಆರುತ್ತ ಕುಗ್ಗುವ ಹಳಿ ಮರದ ತುಂಡುಗಳನ್ನೆಲ್ಲ ಒತ್ತಿ ಬಿಗಿ ಮಾಡುತ್ತದೆ. ಫ್ರಾನ್ಸಿನ ಯೂಜೀನ್ ಫ್ರೇಸಿನೆ 1928ರಲ್ಲಿ ಕಾಂಕ್ರೀಟಿನಲ್ಲಿ ಬಿಗಿಯಾಗಿ ಎಳೆದ ಉಕ್ಕಿನ ತಂತಿಗಳನ್ನು ಸೇರಿಸಿ ಅದನ್ನು ಮೊದಲೇ ಒತ್ತಿಡುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ರೈಲುಹಳಿಯ ಕೆಳಗಿನ ಕಾಂಕ್ರೀಟ್ ಸ್ಲೀಪರುಗಳು ಇಂಥವೇ. ಬಸ್ಸಿನ ಪಕ್ಕದ ಕಿಟಕಿಯ ಗಾಜಿನ ಹೊರಮೈಯನ್ನೂ ಬೇಗ ಆರಿಸಿ ಒತ್ತಿನಲ್ಲಿ ಇಟ್ಟಿರುತ್ತಾರೆ.

ಮರಗಳದು ಇದಕ್ಕೆ ವಿರುದ್ಧವಾದ ಲೆಕ್ಕ. ಮರದ ನಾರು ಎಳೆತವನ್ನು ಚೆನ್ನಾಗಿ ತಾಳುತ್ತದೆ, ಒತ್ತಿದರೆ ಮಡಚಿಕೊಳ್ಳುತ್ತದೆ. ಅದಕ್ಕೆ ತಕ್ಕಂತೆ ಬೆಳೆಯುವ ಮರವು ತನ್ನ ಕಾಂಡದ ಹೊರಪದರವನ್ನು ಎಳೆತದಲ್ಲಿ ಇಟ್ಟುಕೊಂಡಿರುತ್ತದೆ. ಗಾಳಿಗೆ ಬಾಗಿದಾಗ ಒಳಬಾಗಿನ ಕಡೆ ಬರುವ ಒತ್ತು ಮೊದಲು ಆ ಎಳೆತವನ್ನು ಕಳೆಯಬೇಕು. ಫ್ರೇಸಿನೆಗಿಂತ ಕೋಟಿ ಕೋಟಿ ವರ್ಷ ಮೊದಲೇ ಮರಗಳಿಗೆ ಈ ಉಪಾಯ ಒದಗಿತ್ತು.

ಒತ್ತು ತಾಳುವ ವಸ್ತುವಾದರೂ ಉದ್ದವಾಗಿ ಸಣ್ಣಗಿದ್ದರೆ ಪುಡಿಯಾಗುವ ಮೊದಲೇ ಬಾಗಿಬಿಡುತ್ತದೆ. ಒಣ ಜೋಳದ ದಂಟಿನ ಗೇಣುದ್ದದ ತುಂಡನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿರಿ. ಆಮೇಲೆ ಮಾರುದ್ದದ ದಂಟನ್ನು ಒತ್ತಿರಿ. ಉದ್ದ ಎರಡು ಪಟ್ಟಾದರೆ ಬಾಗದೆ ಹೊರಬಹುದಾದ ಭಾರ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆಂದು ಗಣಿತಜ್ಞ ಆಯ್ಲರ್ 18ನೆಯ ಶತಮಾನದಲ್ಲಿಯೇ ತೋರಿಸಿದ್ದನು.

7. ಜೀವಂತ ದೇಹದಲ್ಲಿ

ಮುಂಜಾನೆ ನಿಗುರಿ ನಿಂತ ಜೋಳದ ಎಲೆ ಮಧ್ಯಾಹ್ನ ಜೋತುಬೀಳುವುದು ನೀರು ಕಡಿಮೆಯಾಗಿ ಕೋಶಗಳ ಒಳಒತ್ತಡ ಇಳಿದಾಗ. ಸಸ್ಯಕೋಶದೊಳಗಿನ ಒತ್ತಡ ಅನೇಕ ವೇಳೆ ಮೋಟಾರಿನ ಟಯರಿನೊಳಗಿನ ಒತ್ತಡಕ್ಕಿಂತ ಹೆಚ್ಚಾಗಿರುತ್ತದೆ. ಗಟ್ಟಿಯಾದ ಕೋಶಭಿತ್ತಿ ಇರುವುದರಿಂದ ಅದು ಒಡೆಯುವುದಿಲ್ಲ.

ಪ್ರಾಣಿಗಳ ಕೋಶಕ್ಕೆ ಇಂಥ ಭಿತ್ತಿಯಿಲ್ಲ. ನಮ್ಮ ದೇಹದ ಒತ್ತನ್ನು ಎಲುಬುಗಳು ಹೊರುತ್ತವೆ. ಎಲುಬು ಕಲ್ಲಿನಂತೆ ಜಡವಲ್ಲ. ಹೆಚ್ಚು ಒತ್ತು ಬಿದ್ದ ಕಡೆ ಅದು ಬಲಿಯುತ್ತದೆ, ಒತ್ತು ಇಲ್ಲವಾದರೆ ಸವೆಯುತ್ತದೆ ಎಂದು ಜರ್ಮನಿಯ ವೈದ್ಯ ಜೂಲಿಯಸ್ ವುಲ್ಫ್ 1892ರಲ್ಲಿ ಬರೆದನು. ಟೆನಿಸ್ ಆಟಗಾರರ ಆಡುವ ಕೈಯ ಎಲುಬು ಇನ್ನೊಂದು ಕೈಯದಕ್ಕಿಂತ ದಪ್ಪ. ಭಾರವೇ ಇಲ್ಲದ ಅಂತರಿಕ್ಷದಲ್ಲಿ ಗಗನಯಾತ್ರಿಗಳ ಸೊಂಟದ ಎಲುಬು ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಕರಗುತ್ತದೆ.

ಇದರಲ್ಲಿ ನಮ್ಮೆಲ್ಲರಿಗೂ ಸಂಬಂಧಿಸಿದ ಮಾತೊಂದಿದೆ. ಎಲುಬಿನ ಬಂಡವಾಳ ಕೂಡುವುದು ಬಾಲ್ಯದಲ್ಲಿ ಮತ್ತು ತಾರುಣ್ಯದಲ್ಲಿ. ಆಮೇಲೆ ಇರುವುದು ಖರ್ಚೇ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ಖರ್ಚು ಇನ್ನೂ ಬೇಗ. ಆದರೆ ನಮ್ಮ ಕಡೆ ಹುಡುಗಿಯರು ದೊಡ್ಡವರಾದ ಕೂಡಲೇ ಆಟದ ಬಯಲಿನಿಂದ ಹಿಂದೆ ಸರಿಯುತ್ತಾರೆ, ಅಥವಾ ನಾವೇ ಅವರನ್ನು ಸರಿಸುತ್ತೇವೆ. ಓಡುವುದು, ಜಿಗಿಯುವುದು, ಖೋಖೋ ಆಡುವುದು ಎಲುಬಿಗೆ ಬೇಕಾದ ಒತ್ತನ್ನು ಕೊಡುತ್ತವೆ. ಮಗಳನ್ನು ಆಟಕ್ಕೆ ಕಳಿಸಿದ ತಾಯಿ ಅವಳ ಅರವತ್ತನೆಯ ವಯಸ್ಸಿನ ಸೊಂಟಕ್ಕೆ ಬಲ ಕೊಟ್ಟಂತೆ ಎಂದು ಪಾಲಕರು ತಿಳಿಯಬೇಕು.

ಎಲುಬಿನ ತುದಿಗಳಲ್ಲಿರುವ ಮೃದ್ವಸ್ಥಿಯ ಕಥೆಯೂ ಸ್ವಾರಸ್ಯದ್ದು. ಅದರಲ್ಲಿ ಮುಕ್ಕಾಲು ಪಾಲಿನಷ್ಟು ನೀರು, ರಕ್ತನಾಳಗಳೇ ಇಲ್ಲ. ನಡೆಯುವಾಗ ಒತ್ತಿದರೆ ನೀರು ಹೊರಗೆ, ಬಿಟ್ಟರೆ ಒಳಗೆ. ಈ ಓಡಾಟದಿಂದಲೂ ಅದರ ಕೋಶಗಳಿಗೆ ಪೋಷಣೆ ಮುಟ್ಟುತ್ತದೆ. ಮೃದ್ವಸ್ಥಿಯ ಚೂರುಗಳನ್ನು ಪ್ರಯೋಗಶಾಲೆಯಲ್ಲಿ ಒತ್ತಿ ನೋಡಿದ ಸಂಶೋಧಕರು 1980ರ ದಶಕದ ಕೊನೆಯ ಹೊತ್ತಿಗೆ ಒಂದು ಮುಖ್ಯ ಸಂಗತಿಯನ್ನು ಕಂಡರು: ಒಂದೇ ಸಮನೆ ಒತ್ತಿಟ್ಟರೆ ಕೋಶಗಳ ಕೆಲಸ ಕುಗ್ಗುತ್ತದೆ, ತಾಳಬದ್ಧವಾಗಿ ಒತ್ತಿ ಬಿಟ್ಟು ಮಾಡಿದರೆ ಹೆಚ್ಚುತ್ತದೆ. ಬೆನ್ನುಮೂಳೆಯ ನಡುವಿನ ಬಿಲ್ಲೆಗಳಲ್ಲಿಯೂ ಹಗಲೆಲ್ಲ ನೀರು ಹಿಂಡಿಹೋಗಿ ಸಂಜೆಗೆ ನಮ್ಮ ಎತ್ತರ ಒಂದೆರಡು ಸೆಂಟಿಮೀಟರ್ ಕಡಿಮೆಯಾಗುತ್ತದೆ. ರಾತ್ರಿ ಮಲಗಿದಾಗ ಮರಳಿ ಬರುತ್ತದೆ.

8. ಕೋಶಕ್ಕೆ ಒತ್ತು ತಿಳಿಯುವುದು ಹೇಗೆ?

ಕೋಶಕ್ಕೆ ಕಣ್ಣಿಲ್ಲ, ಕೈಯಿಲ್ಲ. ಅದು ತನ್ನನ್ನು ಯಾರೋ ಒತ್ತುತ್ತಿದ್ದಾರೆಂದು ಹೇಗೆ ತಿಳಿಯುತ್ತದೆ? ಈ ಪ್ರಶ್ನೆಗೆ ಉತ್ತರ ಕಂಡವನು ಲೆಬನಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಆರ್ಡೆಮ್ ಪಟಪೂಟಿಯನ್. ಅವನ ತಂಡದವರು ಒಂದು ಜಾತಿಯ ಕೋಶವನ್ನು ಅತಿಸಣ್ಣ ಗಾಜಿನ ನಳಿಕೆಯಿಂದ ಚುಚ್ಚದೆ ಒತ್ತಿದರು. ಕೋಶದಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿತು. ಇದಕ್ಕೆ ಕಾರಣವಾಗಬಹುದಾದ 72 ಜೀನುಗಳನ್ನು ಪಟ್ಟಿ ಮಾಡಿ, ಒಂದೊಂದನ್ನೇ ನಿಷ್ಕ್ರಿಯಗೊಳಿಸುತ್ತ ಹೋದರು. ಒಂದಾದ ಮೇಲೊಂದು ವಿಫಲವಾಯಿತು. ಕಟ್ಟಕಡೆಯ ಜೀನನ್ನು ನಿಲ್ಲಿಸಿದಾಗ ಕೋಶ ಒತ್ತಿಗೆ ಓಗೊಡುವುದು ನಿಂತಿತು! 2010ರಲ್ಲಿ ಪ್ರಕಟವಾದ ಈ ಜೀನಿಗೆ, ಒತ್ತು ಎಂಬ ಅರ್ಥದ ಗ್ರೀಕ್ ಮಾತಿನಿಂದ 'ಪಿಯೆಜೊ' ಎಂದು ಹೆಸರಿಟ್ಟರು. ಅದು ಕೋಶದ ಪೊರೆಯಲ್ಲಿರುವ ಒಂದು ಬಾಗಿಲು. ಪೊರೆ ಬಿಗಿದಾಗ ತೆರೆದು ವಿದ್ಯುದಂಶವುಳ್ಳ ಕಣಗಳನ್ನು ಒಳಗೆ ಬಿಡುತ್ತದೆ. ಇದಕ್ಕಾಗಿ 2021ರ ನೊಬೆಲ್ ಪಾರಿತೋಷಕದಲ್ಲಿ ಅವನಿಗೆ ಪಾಲು ಸಂದಿತು. ಇಲಿಗಳ ಎಲುಬಿನ ಕೋಶಗಳಲ್ಲಿ ಈ ಬಾಗಿಲು ಇಲ್ಲವಾಗಿಸಿದರೆ ಎಲುಬು ತೆಳುವಾಗುತ್ತದೆಂದು 2019ರ ಸಂಶೋಧನೆಗಳು ತೋರಿಸಿದವು. ವುಲ್ಫ್ ಬರೆದದ್ದಕ್ಕೆ ಕಾರಣವು ಹೀಗೆ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಕಾಣತೊಡಗಿದೆ.

ಒತ್ತಿನ ಪ್ರಶ್ನೆ ರೋಗಗಳಲ್ಲಿಯೂ ಇದೆ. ಸುಮಾರು ಎಂಟು ಮೈಕ್ರಾನ್ ಅಗಲದ ಕೆಂಪು ರಕ್ತಕಣ ತನಗಿಂತ ಕಿರಿದಾದ ಲೋಮನಾಳಗಳಲ್ಲಿ ಮುದುಡಿಕೊಂಡು ದಾಟಬೇಕು. ಕುಡುಗೋಲು ಕಣ ರೋಗದಲ್ಲಿ ಕಣ ಬಿರುಸಾಗಿ ದಾಟಲಾರದೆ ನಾಳವನ್ನೇ ಕಟ್ಟುತ್ತದೆ. ಸಹಿಸಲಾರದ ನೋವು ಬರುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟಿನ ಜನರಲ್ಲಿ. ತಂದೆತಾಯಿ ಇಬ್ಬರೂ ಇದರ ವಾಹಕರಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ಭಾರತ ಸರಕಾರ 2023ರಲ್ಲಿ ಇದರ ನಿರ್ಮೂಲನೆಯ ಕಾರ್ಯವನ್ನು ಕೈಗೊಂಡು ರಕ್ತಪರೀಕ್ಷೆಗಳನ್ನು ನಡೆಸುತ್ತಿದೆ.

ಕ್ಯಾನ್ಸರಿನ ಗಡ್ಡೆಯೂ ಬೆಳೆಯುತ್ತ ಸುತ್ತಲಿನದನ್ನು ಒತ್ತುತ್ತದೆ, ತಾನೂ ಒತ್ತಿಗೆ ಒಳಗಾಗುತ್ತದೆ. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗಡ್ಡೆಯ ಕೋಶಗಳ ಉಂಡೆಗಳನ್ನು ಗಟ್ಟಿ ಲೋಳೆಯಲ್ಲಿ ಬೆಳೆಸಿದಾಗ ಒತ್ತು ಏರಿದಂತೆ ಬೆಳವಣಿಗೆ ನಿಂತಿತು. ಒತ್ತು ತೆಗೆದಾಗ ಮತ್ತೆ ಬೆಳೆಯಿತು. ಇಕ್ಕಟ್ಟಾದ ಸಂದಿಯಲ್ಲಿ ನುಸುಳುವ ಕ್ಯಾನ್ಸರ್ ಕೋಶದ ಕೋಶಕೇಂದ್ರ ಹರಿದು, ಅದರೊಳಗಿನ ಡಿ.ಎನ್.ಎ.ಗೆ ಪೆಟ್ಟಾಗಿ, ಕೋಶವು ಅದನ್ನು ದುರಸ್ತಿ ಮಾಡಿಕೊಳ್ಳುವುದೆಂದು 2016ರಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ತಂಡಗಳು ತೋರಿಸಿದವು. ಆ ದುರಸ್ತಿಯನ್ನು ತಡೆದರೆ ರೋಗ ಹರಡುವುದನ್ನು ತಡೆಯಬಹುದೇ ಎಂಬುದು ಇನ್ನೂ ತೆರೆದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವವರು ಇಂದು ಎಂಟನೆಯ, ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿರಬಹುದು. ನಮ್ಮ ಶಾಲೆಯವರೂ ಅವರಲ್ಲಿರಲೆಂದು ನಾವು ಹಾರೈಸುತ್ತೇವೆ.

ಮಾಡಿ ನೋಡಿರಿ

1. ಎದ್ದ ಕೂಡಲೇ ಗೋಡೆಗೆ ಬೆನ್ನು ತಾಗಿಸಿ ನಿಂತು ಎತ್ತರವನ್ನು ಗುರುತು ಮಾಡಿರಿ. ರಾತ್ರಿ ಮಲಗುವ ಮುನ್ನ ಮತ್ತೆ ಅಳೆಯಿರಿ. ಒಂದು ವಾರದ ಸರಾಸರಿ ತೆಗೆಯಿರಿ.
2. ಸೈಕಲ್ ಪಂಪಿನ ಬಾಯಿ ಮುಚ್ಚಿ ಹತ್ತು ಸಲ ಬೇಗ ಒತ್ತಿರಿ, ಆಮೇಲೆ ಅಷ್ಟೇ ಸಲ ನಿಧಾನವಾಗಿ ಒತ್ತಿರಿ. ಬಿಸಿಯಲ್ಲಿ ವ್ಯತ್ಯಾಸವಿದೆಯೇ? ಏಕೆ?

ಅಭ್ಯಾಸ

1. ಉಷ್ಣತೆ ಬದಲಾಗದಂತೆ ಗಾಳಿಯನ್ನು ನಾಲ್ಕನೆಯ ಒಂದು ಪಾಲಿಗೆ ಒತ್ತಿದರೆ ಒತ್ತಡ ಎಷ್ಟಾಗುತ್ತದೆ? ಒಮ್ಮೆಲೆ ಒತ್ತಿದರೆ ಅದಕ್ಕಿಂತ ಹೆಚ್ಚೇ, ಕಡಿಮೆಯೇ?
2. 'ಎಂ 25' ಕಾಂಕ್ರೀಟಿನ 15 ಸೆಂಟಿಮೀಟರ್ ಘನ ಎಷ್ಟು ನ್ಯೂಟನ್ ಬಲವನ್ನು ತಾಳಬೇಕು?
3. ಕಂಬದ ಉದ್ದ ಮೂರು ಪಟ್ಟಾದರೆ ಅದು ಬಾಗದೆ ಹೊರಬಹುದಾದ ಭಾರ ಎಷ್ಟನೆಯ ಒಂದು ಪಾಲಿಗೆ ಇಳಿಯುತ್ತದೆ?
4. ಛಾವಣಿಯಲ್ಲಿ ಸರಳು ಕೆಳಗೆ, ಸಜ್ಜಾದಲ್ಲಿ ಮೇಲೆ ಇರುವುದೇಕೆ? ಚಿತ್ರ ಬರೆದು ವಿವರಿಸಿರಿ.
5. ಬಹಳ ದಿನ ಹಾಸಿಗೆ ಹಿಡಿದ ರೋಗಿಯ ಎಲುಬು ತೆಳುವಾಗಲು ಕಾರಣವೇನು?